ಗಾಳಿ ತೊಟ್ಟಿಯ ಹೆಪ್ಪು

ಬೆಳಿಗ್ಗೆ ಆರೂಕಾಲಿಗೆ ಕೊಳಚೆ ನೀರು ಶುದ್ಧೀಕರಣ ಘಟಕದ ಗಾಳಿ ತೊಟ್ಟಿಯಿಂದ ಈಜುಕೊಳದ ವಾಸನೆ ಬರುತ್ತಿತ್ತು.

ಬರಬೇಕಾಗಿದ್ದ ವಾಸನೆ ಬೇರೆ. ಘಟಕ ಸರಿಯಾಗಿ ನಡೆಯುತ್ತಿದ್ದರೆ ಆ ತೊಟ್ಟಿಯ ಹತ್ತಿರ ಈಗಷ್ಟೇ ಅಗೆದ ಮಣ್ಣಿನ ವಾಸನೆ ಇರುತ್ತದೆ. ಹೊರಗಿನವರು ಇದನ್ನು ನಂಬುವುದಿಲ್ಲ. ಗೇಟಿನಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಅಲ್ಲಿ ಬಹಳ ವರ್ಷದಿಂದ ಆಪರೇಟರ್ ಆಗಿರುವ ಹೆಂಗಸು ಬೀಗ ತೆಗೆದು, ಸೈಕಲ್ಲನ್ನು ಪಂಪ್ ಶೆಡ್ಡಿನ ಗೋಡೆಗೆ ಒರಗಿಸಿ, ಎರಡು ಹೆಜ್ಜೆ ಇಟ್ಟವಳು ಹಾಗೇ ನಿಂತಳು. ಆಮೇಲೆ ಊಟದ ಡಬ್ಬಿಯನ್ನೂ ಇಳಿಸದೆ ತೊಟ್ಟಿಯ ಕಟಕಟೆಯವರೆಗೆ ನಡೆದಳು.

ನೀರಿನ ಮೇಲೆ ಬಿಳಿ ನೊರೆ ಎದ್ದಿತ್ತು. ಗಾಜಿನ ಉದ್ದ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ದಿನಾ ಮಾಡುವ ಪರೀಕ್ಷೆ ಅದು: ಅರ್ಧ ಗಂಟೆ ಬಿಟ್ಟು ನೋಡಿದರೆ ಕೆಸರು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿರಬೇಕು. ಇವತ್ತು ಅರ್ಧ ಗಂಟೆಯಾದರೂ ಜಾಡಿಯಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಪಾತ್ರೆ ತೊಳೆದ ನೀರಿನಂತೆ ಎಲ್ಲ ಒಂದೇ ಬೂದು ಬಣ್ಣ.

ಈ ಘಟಕದ ಕೆಲಸ ಮಾಡುವುದು ಪಂಪುಗಳಲ್ಲ. ಗಾಳಿ ತೊಟ್ಟಿಯಲ್ಲಿ ಕಾಫಿ ಬಣ್ಣದ ಕೆಸರು ತೇಲುತ್ತಿರುತ್ತದೆ, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ. ಊರಿನ ಬಚ್ಚಲು, ಅಡುಗೆಮನೆ, ಕಕ್ಕಸುಗಳಿಂದ ಬರುವುದನ್ನೆಲ್ಲ ಅವು ತಿನ್ನುತ್ತವೆ. ಅವುಗಳಿಗೆ ಉಸಿರಾಡಲು ಬ್ಲೋವರ್ ಗಾಳಿ ಊದುತ್ತದೆ, ಅಷ್ಟೆ. ತಿಂದು ಭಾರವಾದ ಕೆಸರು ಮುಂದಿನ ತಿಳಿ ತೊಟ್ಟಿಯಲ್ಲಿ ತಳ ಸೇರುತ್ತದೆ. ಮೇಲಿನ ನೀರು ಒಂದು ಕೊಳಕ್ಕೆ ಹರಿದು, ಅಲ್ಲಿ ಎರಡು ದಿನ ಬಿಸಿಲು ಕಾದು, ನಂತರ ನದಿ ಸಮುದ್ರ ಸೇರುವ ಅಳಿವೆಗೆ ಹೋಗುತ್ತದೆ. ತಳದ ಕೆಸರಿನಲ್ಲಿ ಒಂದು ಪಾಲನ್ನು ಮತ್ತೆ ಗಾಳಿ ತೊಟ್ಟಿಗೆ ಬಿಡುತ್ತಾರೆ, ನಿನ್ನೆಯ ಮೊಸರನ್ನು ಇವತ್ತಿನ ಹಾಲಿಗೆ ಬಿಟ್ಟ ಹಾಗೆ. ಅದಕ್ಕೇ ಘಟಕದ ಇಬ್ಬರು ಕೆಲಸಗಾರರೂ ಅದನ್ನು ಕೆಸರು ಎನ್ನುವುದಿಲ್ಲ, ಹೆಪ್ಪು ಎನ್ನುತ್ತಾರೆ.

ಇಬ್ಬರಲ್ಲಿ ಇನ್ನೊಬ್ಬ ಪಂಪ್ ಮೆಕ್ಯಾನಿಕ್. ಊರೆಲ್ಲ ಅವನನ್ನು ಸ್ಪ್ಯಾನರ್ ಎಂದೇ ಕರೆಯುತ್ತದೆ. ಏಳು ಗಂಟೆಗೆ ಬಂದವನು ಜಾಡಿ ನೋಡಿದ, ಆಮ್ಲಜನಕದ ಮೀಟರ್ ನೋಡಿದ. ಮುಳ್ಳು ಎಂದೂ ಇಲ್ಲದಷ್ಟು ಮೇಲಿತ್ತು.

"ಮೀಟರ್ ಏನೋ ಚೆನ್ನಾಗೇ ತೋರಿಸ್ತಿದೆಯಲ್ಲ ಮೇಡಂ."

"ಉಸಿರಾಡೋರು ಯಾರೂ ಇಲ್ಲದಿದ್ರೆ ಗಾಳಿ ಮಿಕ್ಕೇ ಮಿಗುತ್ತೆ," ಎಂದಳು ಆಪರೇಟರ್.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಮಾಡಿದವನು ಈ ಘಟಕಕ್ಕೆ ಬಂದಿರಲಿಲ್ಲ ಎಂದು ದಿನಾ ಒಮ್ಮೆಯಾದರೂ ಹೇಳುವ ಸ್ಪ್ಯಾನರ್ ಇವತ್ತು ಸುಮ್ಮನೆ ತಲೆ ಕೆರೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ವಿಷಯ ಹೊರಬಂತು. ನಿನ್ನೆ ಸಂಜೆ ಅವನ ಹೆಂಡತಿ ಒಂದು ಲೋಟ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ ಬಚ್ಚಲಿಗೆ ಸುರಿದಿದ್ದಳು. ಅವನು ನೋಡಿದ್ದ. ಒಂದು ಮನೆಯ ಒಂದು ಲೋಟಕ್ಕೆ ಹೆಪ್ಪು ಜಗ್ಗುವುದಿಲ್ಲ ಎಂದು ಸುಮ್ಮನಾಗಿದ್ದ. ಅದು ಸರಿಯೇ; ಒಂದು ಮನೆಯದಾಗಿದ್ದರೆ ಜಗ್ಗುತ್ತಿರಲಿಲ್ಲ. ಈಗ ಫೋನ್ ಮಾಡಿ ಕೇಳಿದಾಗ, ತಮ್ಮ ಸಾಲಿನವರೆಲ್ಲ ಹಾಕಿದರು, ಹಿಂದಿನ ಬೀದಿಯವರೂ ಹಾಕಿದರು, ಏಳು ಗಂಟೆ ಆಗುತ್ತಲೇ ಎಲ್ಲರೂ ಒಟ್ಟಿಗೆ ಸುರಿಯಬೇಕು ಎಂದು ಹೇಳಿಹೋಗಿದ್ದರು ಎಂದಳು. ಹೇಳಿಹೋದವರು ಯಾರು ಎಂದು ಕೇಳಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಇನ್ಯಾರು, ನಿಮ್ಮ ಮೇಡಂ ಅವರ ಅಕ್ಕ.

ಸ್ಪ್ಯಾನರ್ ಫೋನನ್ನು ಜೇಬಿಗೆ ಹಾಕಿಕೊಂಡು ಹೇಳಿದ: "ಈ ಊರಲ್ಲಿ ಒಂದು ಬೀದಿ ದೀಪ ಎಲ್ಲಿ ಹಾಕಬೇಕು ಅನ್ನೋದಕ್ಕೆ ಮೂರು ಪಂಗಡ ಆಗುತ್ತೆ. ಒಗ್ಗಟ್ಟು ಬರೋಕೆ ಇದೇ ಬೇಕಿತ್ತಾ?"

ಆಪರೇಟರ್ ಊರಿನಿಂದ ಬರುವ ನೀರನ್ನು ಗಾಳಿ ತೊಟ್ಟಿಗೆ ಬಿಡದೆ ಮಳೆಗಾಲದ ಬದಲಿ ತೊಟ್ಟಿಗೆ ತಿರುಗಿಸಲು ಹೇಳಿದಳು. ಅದು ಒಂದು ದಿನದ ನೀರು ಹಿಡಿಯುತ್ತದೆ. ಪಕ್ಕದ ಊರಿನ ಘಟಕಕ್ಕೆ ಫೋನ್ ಮಾಡಿ ಎರಡು ಟ್ಯಾಂಕರ್ ಹೆಪ್ಪು ಕೇಳಿದಳು. ಮಧ್ಯಾಹ್ನದ ಮೇಲೆ ಕಳಿಸುತ್ತೇವೆ ಎಂದರು. ಇಷ್ಟಾದ ಮೇಲೆ ಮಾಡಲು ಉಳಿದದ್ದು ಒಂದೇ. ಅದನ್ನು ಮಾಡಲು ಹನ್ನೊಂದು ಗಂಟೆಯವರೆಗೆ ಸಮಯವಿತ್ತು.

ಹನ್ನೊಂದಕ್ಕೆ ಪ್ರಯೋಗಾಲಯದವರು ಮಾದರಿ ತೆಗೆಯಲು ಬರುವವರಿದ್ದರು.

ಅಳಿವೆಯ ಮರಳಿನಲ್ಲಿ ಕಪ್ಪೆಚಿಪ್ಪು ಸಿಗುತ್ತದೆ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿಗಿಳಿದು ಕೈಕುಂಟೆಯಿಂದ ಮರಳು ಗೀರಿ ಅದನ್ನು ಹೆಕ್ಕುವುದು ಈ ಊರಿನ ಹೆಂಗಸರ ಕೆಲಸ. ಎರಡು ವರ್ಷದ ಹಿಂದೆ ಹಳೆಯ ಪೈಪು ಒಡೆದು ಕೊಳಚೆ ಅಳಿವೆಗೆ ಸೇರಿ, ಚಿಪ್ಪು ತಿಂದ ಕೆಲವರು ಆಸ್ಪತ್ರೆ ಸೇರಿದಾಗ ನಿಷೇಧದ ಬೋರ್ಡು ನೆಟ್ಟು ಅಳಿವೆಯನ್ನು ಮುಚ್ಚಿದರು. ಪೈಪು ಬದಲಾಯಿತು, ಘಟಕ ರಿಪೇರಿಯಾಯಿತು. ತಿಂಗಳಿಗೊಂದರಂತೆ ಸತತ ಮೂರು ಮಾದರಿಗಳು ಪಾಸಾದರೆ ಅಳಿವೆ ತೆರೆಯುವುದು ಎಂದು ನಿಯಮವಾಯಿತು. ಎರಡು ಪಾಸಾಗಿದ್ದವು. ಇವತ್ತಿನದು ಮೂರನೆಯದು.

ಚಿಪ್ಪು ಹೆಕ್ಕುವ ಹೆಂಗಸರ ಗುಂಪಿಗೆ ಆಪರೇಟರ್‌ಳ ಅಕ್ಕನೇ ಮುಂದಾಳು. ಅಳಿವೆ ಮುಚ್ಚಿದ ಮೇಲೆ ಹೆಚ್ಚಿನವರು ಒಬ್ಬೊಬ್ಬರಾಗಿ ಮೀನು ಪ್ಯಾಕ್ ಮಾಡುವ ಫ್ಯಾಕ್ಟರಿ ಸೇರಿದರು. ಅಕ್ಕ ಸೇರಲಿಲ್ಲ. ಇಳಿತ ಯಾವಾಗ ಎಂದು ನೋಡಿ ಮನೆಯಿಂದ ಹೊರಡುವವಳಿಗೆ ಸೈರನ್ ಕೇಳಿ ಹೊರಡುವುದು ಆಗುವುದಿಲ್ಲ ಎನ್ನುತ್ತಿದ್ದಳು. ಬಲೆ ಹೊಲಿದಳು, ಹಗ್ಗ ಹೊಸೆದಳು, ಎರಡು ವರ್ಷ ತಳ್ಳಿದಳು. ಫ್ಯಾಕ್ಟರಿಯವರು ಕಡೆಯ ಬಾರಿ ಕೇಳಿ ಕಳಿಸಿದ್ದರು. ಮೂರನೇ ಮಾದರಿ ಆಗಲಿ, ಆಮೇಲೆ ಹೇಳುತ್ತೇನೆ ಎಂದು ಅಕ್ಕ ಉತ್ತರ ಕಳಿಸಿದ್ದಳು.

ಎಂಟೂವರೆಗೆ ಅಕ್ಕ ಘಟಕಕ್ಕೆ ಬಂದಳು. ಒಗೆದ ಬಟ್ಟೆ ತೊಟ್ಟು, ತಲೆ ಬಾಚಿಕೊಂಡು, ಮದುವೆ ಮನೆಗೆ ಬಂದವಳ ಹಾಗೆ. ಇಷ್ಟು ವರ್ಷ ಗೇಟಿನಲ್ಲಿ ನಿಂತು ಕೂಗಿ ಕರೆಯುತ್ತಿದ್ದವಳು ಇವತ್ತು ಒಳಗೇ ಬಂದಳು.

"ನೋಡಿದ್ಯಾ ಪುಟ್ಟಿ, ಚೂರೂ ವಾಸನೆ ಇಲ್ಲ," ಎಂದಳು. ನಲವತ್ತು ದಾಟಿದ ತಂಗಿ ಅವಳಿಗೆ ಈಗಲೂ ಪುಟ್ಟಿಯೇ. "ನಿನಗೆ ಹೇಳಿದ್ರೆ ಬೇಡ ಅಂತಿದ್ದೆ. ಹೇಳದೇನೇ ಮಾಡಿದ್ವಿ. ಒಂದು ಸಾರಿನಾದ್ರೂ ನಿನ್ನ ಕೆಲಸ ಹಗುರ ಆಗ್ಲಿ ಅಂತ."

ಸ್ಪ್ಯಾನರ್ ತನಗೆ ಪಂಪ್ ಶೆಡ್ಡಿನಲ್ಲಿ ಏನೋ ಕೆಲಸ ಇದೆ ಎಂದುಕೊಂಡ. ಆದರೆ ಬಾಗಿಲಿಂದಾಚೆ ಹೋಗಲಿಲ್ಲ.

ತಂಗಿ ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಹೆಪ್ಪು ಸತ್ತಿದೆ ಎಂದು ಹೇಳಿದಳು.

"ಯಾವ ಹೆಪ್ಪು?"

"ಕೆಸರು. ಅದು ಸತ್ತೋಗಿದೆ."

"ಕೆಸರು ಸಾಯುತ್ತಾ?"

ತಂಗಿ ಕಿಟಕಿಯ ಜಾಡಿಯನ್ನು ತಂದು ಮುಂದಿಟ್ಟಳು. ಕೊಳೆ ತೊಳೆಯುವುದು ಯಂತ್ರವಲ್ಲ, ಅದರೊಳಗಿನ ಜೀವಿಗಳು, ಬ್ಲೀಚಿಂಗ್ ಪೌಡರ್ ಕೊಲ್ಲುವುದು ಮೊದಲು ಅವನ್ನೇ ಎಂದು ವಿವರಿಸಿದಳು. ಮನೆಗೊಂದು ಲೋಟ ಬೇರೆ ಬೇರೆ ದಿನ ಬಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದವು. ಊರಿಗೆ ಊರೇ ಒಂದೇ ಗಳಿಗೆಯಲ್ಲಿ ಸುರಿದದ್ದು ತಡೆಯಲಿಲ್ಲ.

ಅಕ್ಕ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇಷ್ಟು ವರ್ಷದಲ್ಲಿ ಈ ವಿಷಯ ಒಂದು ಮಾತು ಹೇಳಿಲ್ವಲ್ಲೇ ನೀನು."

"ಎಲ್ಲಿ ಹೇಳ್ಲಿ? ಊಟಕ್ಕೆ ಕೂತಾಗ ಅಮ್ಮ ಬಾಯಿ ಬಿಡೋಕೆ ಬಿಡಲ್ಲ. ಊಟ ಬಿಟ್ರೆ ನಾವು ಮುಖ ನೋಡೋದು ಯಾವಾಗ?"

ಅದು ನಿಜ. ಅವರ ಮನೆಯಲ್ಲಿ ಮೂವರು: ಅಮ್ಮ, ಅಕ್ಕ, ತಂಗಿ. ಅಕ್ಕನ ಗಂಡ ಹಡಗಿನ ಕೆಲಸದವನು, ವರ್ಷದ ಬಹುಪಾಲು ಹೊರಗೆ. ತಂಗಿ ಈ ಕೆಲಸಕ್ಕೆ ಸೇರಿದ ದಿನವೇ ಅಮ್ಮ ಒಂದು ಕಟ್ಟಳೆ ಹಾಕಿದಳು: ಆ ಜಾಗದ ಸುದ್ದಿ ಊಟದ ಹತ್ತಿರ ಬರಕೂಡದು. ಒಬ್ಬಳು ಸೈಕಲ್ ಹತ್ತಿ ಬೆಳಗಾಗುವ ಮೊದಲೇ ಹೊರಡುವವಳು, ಇನ್ನೊಬ್ಬಳು ಸಮುದ್ರದ ಹೊತ್ತಿಗೆ ಎದ್ದು ಮಲಗುವವಳು. ಕೂಡುವುದು ತಟ್ಟೆಯ ಮುಂದೆ ಮಾತ್ರ. ಹೀಗಾಗಿ ಮನೆಯವರಿಗೆ ತಿಳಿದದ್ದು ಅವಳು ತಡವಾಗಿ ಬಂದಾಗ ಹೇಳುವ ಒಂದೇ ಮಾತು, ಮೆಷಿನ್ ಕೆಟ್ಟಿತ್ತು ಎನ್ನುವುದು. ಮೆಷಿನ್ ಎಂದರೆ ತೊಳೆದಷ್ಟೂ ಒಳ್ಳೆಯದು ಎಂದು ಅಕ್ಕ ತಿಳಿದದ್ದರಲ್ಲಿ ಅವಳ ತಪ್ಪು ಹುಡುಕುವುದು ಕಷ್ಟ. ಊರಿನ ಉಳಿದ ಮನೆಗಳಲ್ಲಿ ಕಟ್ಟಳೆ ಇರಲಿಲ್ಲ, ಆದರೆ ಕೇಳುವವರೂ ಇರಲಿಲ್ಲ. ಬಚ್ಚಲ ತೂತಿನಾಚೆ ಏನಿದೆ ಎಂಬುದು ಯಾರ ಮನೆಯಲ್ಲೂ ಮಾತಾಗುವ ವಿಷಯವಲ್ಲ.

"ಸುಮ್ನೆ ಇದ್ದಿದ್ರೆ?" ಅಕ್ಕ ಕೇಳಿದಳು.

"ಏನು?"

"ನಾವು ಏನೂ ಹಾಕದೆ ಸುಮ್ನೆ ಇದ್ದಿದ್ರೆ ಇವತ್ತು ಪಾಸಾಗ್ತಿತ್ತಾ?"

"ಆಗ್ತಿತ್ತು."

ಅಕ್ಕ ಜಾಡಿಯನ್ನು ಕೆಳಗಿಟ್ಟಳು. ಆಗ ಬಾಗಿಲಲ್ಲಿದ್ದ ಸ್ಪ್ಯಾನರ್‌ಗೆ ತಡೆಯಲಾಗಲಿಲ್ಲ. ಈಗಲೂ ಪಾಸಾಗುತ್ತದೆ, ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಮಾದರಿ ತೆಗೆಯುವುದು ಕೊಳದ ಕೊನೆಯಲ್ಲಿ, ನೀರು ಅಳಿವೆಗೆ ಬೀಳುವ ಬಾಯಲ್ಲಿ. ಕೊಳದಲ್ಲಿ ನೀರು ಎರಡು ದಿನ ನಿಂತು ಬರುತ್ತದೆ. ಇವತ್ತು ಹನ್ನೊಂದಕ್ಕೆ ಆ ಬಾಯಿಂದ ಬೀಳುವುದು ಮೊನ್ನೆಯ ನೀರು, ಹೆಪ್ಪು ಬದುಕಿದ್ದಾಗ ತೊಳೆದ ನೀರು. ಸೀಸೆಗೆ ಹೋಗುವುದರಲ್ಲಿ ಮೋಸವೇನೂ ಇರುವುದಿಲ್ಲ.

ತಂಗಿಗೆ ಇದು ಆರೂಕಾಲಿನಿಂದಲೂ ಗೊತ್ತಿತ್ತು. ಹನ್ನೊಂದರವರೆಗೆ ಮಾಡಬೇಕಾದ ಒಂದೇ ಕೆಲಸ ಎಂದರೆ ಇದನ್ನು ಹೇಳುವುದೋ ಬಿಡುವುದೋ ತೀರ್ಮಾನಿಸುವುದು.

ಅಕ್ಕನ ಮುಖ ಬದಲಾಯಿತು. ಹಾಗಿದ್ದ ಮೇಲೆ ತೊಂದರೆ ಏನು ಎಂದು ಕೇಳಿದಳು. ಮಾದರಿ ಕೊಟ್ಟು ಕಳಿಸುವುದು, ಆಮೇಲೆ ಕೆಟ್ಟದ್ದನ್ನು ರಿಪೇರಿ ಮಾಡಿಕೊಳ್ಳುವುದು. ಸ್ಪ್ಯಾನರ್‌ಗೂ ಅದೇ ಸರಿ ಕಂಡಿತ್ತು. ಹೊಸ ಹೆಪ್ಪು ಇವತ್ತೇ ಬರುತ್ತದೆ, ಹತ್ತು ದಿನದಲ್ಲಿ ಹತ್ತುತ್ತದೆ. ಫಲಿತಾಂಶ ಬಂದು, ಆದೇಶ ಬಂದು, ಬೋರ್ಡು ಕೀಳುವಷ್ಟರಲ್ಲಿ ಎರಡು ವಾರ. ಯಾರಿಗೂ ಏನೂ ತಿಳಿಯುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ.

"ಹತ್ತು ದಿನ ಅನ್ನೋದು ಖಂಡಿತಾನಾ?" ಅಕ್ಕ ಅವನನ್ನೇ ಕೇಳಿದಳು.

"ಚಳಿ ಬೀಳದಿದ್ರೆ, ಇನ್ಯಾರೂ ಏನೂ ಸುರೀದಿದ್ರೆ..."

"ಅಂದ್ರೆ ಖಂಡಿತ ಇಲ್ಲ."

"ಹೆಪ್ಪು ಹತ್ತೋದನ್ನ ಯಾರು ಖಂಡಿತ ಹೇಳ್ತಾರೆ ಅಕ್ಕಾ? ನಮ್ಮನೆ ಹಾಲೇ ವಾರಕ್ಕೊಂದು ಸಾರಿ ಕೈ ಕೊಡುತ್ತೆ."

ಅಕ್ಕ ತಂಗಿಯ ಕಡೆ ತಿರುಗಿದಳು. ಅಷ್ಟು ದಿನ ಅಳಿವೆಗೆ ಹೋಗುವುದು ಎಂಥ ನೀರು ಎಂದು ಕೇಳಿದಳು. ಬದಲಿ ತೊಟ್ಟಿ ನಾಳೆಗೆ ತುಂಬುತ್ತದೆ, ನಾಡಿದ್ದಿನಿಂದ ಅರೆಬರೆ ತೊಳೆದದ್ದು ಹೋಗುತ್ತದೆ, ತಡೆಯಲು ದಾರಿಯಿಲ್ಲ ಎಂದಳು ತಂಗಿ. ಅವಳು ಇನ್ನೊಂದು ಮಾತು ಸೇರಿಸಲು ಹೊರಟಿದ್ದಳು. ಅಷ್ಟರಲ್ಲಿ ಅಕ್ಕನೇ ಹೇಳಿದಳು.

"ಚಿಪ್ಪು ಹತ್ತು ದಿನ ಬಾಯಿ ಮುಚ್ಕೊಂಡಿರಲ್ಲ. ಕುಡೀತಾನೇ ಇರುತ್ತೆ."

ತಂಗಿ ತಲೆಯಾಡಿಸಿದಳು.

"ಮರಳಾದ್ರೆ ಒಂದು ರಾತ್ರಿ ಒಳ್ಳೆ ನೀರಲ್ಲಿಟ್ರೆ ಉಗುಳುತ್ತೆ," ಅಕ್ಕ ಮುಂದುವರಿಸಿದಳು. ಚಿಪ್ಪಿನ ಸಂಗತಿ ಮಾತಾಡುವಾಗ ಅವಳ ದನಿ ಸ್ವಲ್ಪ ನಿಧಾನವಾಗುತ್ತಿತ್ತು. "ಇದನ್ನ ಉಗುಳಲ್ಲ. ನೀರು ತಿಳಿಯಾದ ಮೇಲೂ ವಾರಗಟ್ಲೆ ಒಳಗೆ ಇಟ್ಕೊಂಡಿರುತ್ತೆ. ಆಗ ಆಸ್ಪತ್ರೆ ಸೇರಿದೋರು ತಿಂದಿದ್ದು ಪೈಪ್ ಒಡೆದ ದಿನದ ಚಿಪ್ಪಲ್ಲ, ಹದಿನೈದು ದಿನ ಆದ ಮೇಲಿಂದು. ಅದನ್ನ ಹೆಕ್ಕಿದ್ದು ನಾನೇ."

ಸ್ಪ್ಯಾನರ್ ನಿಜಕ್ಕೂ ಪಂಪ್ ಶೆಡ್ಡಿಗೆ ಹೋದ.

ಅಕ್ಕ ಎದ್ದು ಕಟಕಟೆಯ ಹತ್ತಿರ ನಿಂತಳು. ಬಿಳಿ ನೊರೆ ಗಾಳಿಗೆ ಹರಿದು ತೊಟ್ಟಿಯ ಒಂದು ಮೂಲೆಯಲ್ಲಿ ಸೇರಿಕೊಂಡಿತ್ತು. ತಂಗಿ ಹತ್ತಿರ ಹೋಗಲಿಲ್ಲ. ಹೋದರೆ ತಾನೇ ಸಮಾಧಾನ ಹೇಳಬೇಕಾಗುತ್ತದೆ, ಹೇಳಲು ಅವಳಲ್ಲಿ ಏನೂ ಇರಲಿಲ್ಲ. ಮಾದರಿ ಬೇಡವೆಂದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು, ಮತ್ತೆ ಸತತ ಮೂರು. ಅಷ್ಟರಲ್ಲಿ ಚಿಪ್ಪಿನ ಕಾಲ ಅರ್ಧ ಕಳೆದಿರುತ್ತದೆ. ಫ್ಯಾಕ್ಟರಿ ಅಲ್ಲಿಯವರೆಗೆ ಕಾಯುವುದಿಲ್ಲ. ಇದಿಷ್ಟೂ ಇಬ್ಬರಿಗೂ ಗೊತ್ತಿತ್ತು.

"ನೀನು ಹೇಳ್ತೀಯ ಅವರಿಗೆ," ಎಂದಳು ಅಕ್ಕ, ತಿರುಗದೆ.

"ಹೇಳ್ತೀನಿ."

"ಯಾರು ಹಾಕಿದ್ರು ಅಂತ ಕೇಳಿದ್ರೆ?"

"ಊರೋರು ಅಂತೀನಿ."

"ಊರೋರು ಅನ್ಬೇಡ. ಅವರೆಲ್ಲ ನನ್ನ ಮಾತು ಕೇಳಿ ಹಾಕಿದ್ದು. ನನ್ನ ಹೆಸರೇ ಹೇಳು." ಆಮೇಲೆ ಗೇಟಿನ ಕಡೆ ನಡೆಯುತ್ತಾ ಅಂದಳು: "ಜೊತೆಗೆ ನಿನ್ನದೂ ಹೇಳು. ಅಕ್ಕನ್ನ ಫ್ಯಾಕ್ಟರಿಗೆ ಕಳಿಸಿದ ತಂಗಿ ಅಂತ ನಿನಗೂ ಒಂದು ಹೆಸರು ಬರ್ಲಿ."

ಪ್ರಯೋಗಾಲಯದಿಂದ ಬಂದ ಅಧಿಕಾರಿ ಇಳಿವಯಸ್ಸಿನ ಹೆಂಗಸು. ಹಿಂದಿನ ಎರಡು ಸಲವೂ ಅವರೇ ಬಂದಿದ್ದರು. ಕೈಯಲ್ಲಿ ಐಸ್ ತುಂಬಿದ ಪೆಟ್ಟಿಗೆ, ಅದರಲ್ಲಿ ಮುಚ್ಚಳ ಬಿಗಿದ ಸೀಸೆಗಳು. ಕೊಳದ ದಂಡೆಯ ಮೇಲೆ ಪೆಟ್ಟಿಗೆ ಇಳಿಸಿ ಕೈಗವಸು ಹಾಕಿಕೊಳ್ಳುತ್ತಿದ್ದಾಗ ಆಪರೇಟರ್ ವಿಷಯ ಹೇಳಿದಳು. ಹೇಳುವಾಗ ಏನನ್ನೂ ಸುತ್ತಿ ಬಳಸಲಿಲ್ಲ. ಅಕ್ಕನ ಹೆಸರನ್ನೂ ಹೇಳಿದಳು, ಅಕ್ಕ ಏಕೆ ಹಾಗೆ ಮಾಡಿದಳೆಂಬುದನ್ನೂ ಹೇಳಿದಳು.

ಅಧಿಕಾರಿ ಗಾಳಿ ತೊಟ್ಟಿಯವರೆಗೆ ಬಂದು ನೋಡಿದರು. ನಾಲ್ಕೈದು ಪ್ರಶ್ನೆ ಕೇಳಿದರು, ಎಲ್ಲವೂ ಕೇಳಬೇಕಾದವೇ. ಬದಲಿ ತೊಟ್ಟಿಯಲ್ಲಿ ಎಷ್ಟು ಜಾಗವಿದೆ, ಹೆಪ್ಪು ಯಾವ ಊರಿನಿಂದ ಬರುತ್ತಿದೆ, ಅಲ್ಲಿಯ ನೀರಿನ ಉಪ್ಪು ಎಷ್ಟು. ಉಪ್ಪು ಕಡಿಮೆಯಿರುವ ಊರಿನ ಹೆಪ್ಪು ಕರಾವಳಿಯ ನೀರಿಗೆ ಒಗ್ಗಲು ತಡ ಮಾಡುತ್ತದೆ, ಹತ್ತು ದಿನದ ಮಾತು ಮರೆತುಬಿಡಿ ಎಂದರು. ಆಪರೇಟರ್‌ಗೆ ಆ ಭಯ ಮೊದಲೇ ಇತ್ತು. ಸ್ಪ್ಯಾನರ್‌ಗೆ ಇರಲಿಲ್ಲ.

ಮತ್ತೆ ಕೊಳದ ದಂಡೆಗೆ ಬಂದ ಮೇಲೆ ಅಧಿಕಾರಿ ನೀರು ಬೀಳುವ ಬಾಯನ್ನು ನೋಡುತ್ತಾ ನಿಂತರು. ನೀರು ಗಾಜಿನಂತಿತ್ತು.

"ಇದನ್ನ ಈಗ ತುಂಬಿಸ್ಕೊಂಡು ಹೋದ್ರೆ ಪಾಸಾಗುತ್ತೆ," ಎಂದರು. "ನೀವು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

"ಗೊತ್ತಿದೆ ಮೇಡಂ."

"ನಿಮ್ಮ ಅಕ್ಕ ಏನಂದ್ರು?"

"ಚಿಪ್ಪು ಕುಡೀತಾನೇ ಇರುತ್ತೆ ಅಂದ್ರು."

ಅಧಿಕಾರಿ ಕೈಗವಸು ಕಳಚಿದರು. ಸೀಸೆಯನ್ನು ಖಾಲಿಯಾಗಿಯೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು.

ಎರಡು ಟ್ಯಾಂಕರುಗಳು ಮಧ್ಯಾಹ್ನ ಮೂರರ ಹೊತ್ತಿಗೆ ಬಂದವು. ಅದೇ ಸಂಜೆ ಅಕ್ಕ ಮತ್ತೆ ಮನೆ ಮನೆಗೆ ಹೋದಳು. ಹಿಂದಿನ ದಿನ ಹೋಗಿದ್ದಕ್ಕಿಂತ ಈ ಬಾರಿ ಹೆಚ್ಚು ಹೊತ್ತು ಹಿಡಿಯಿತು, ಯಾಕೆಂದರೆ ಪ್ರತಿ ಮನೆಯಲ್ಲೂ ಕೆಸರು ಸಾಯುತ್ತದೆ ಎಂಬುದನ್ನು ನಂಬಿಸಬೇಕಾಯಿತು. ಕೆಲವರು ನಕ್ಕರು. ಒಬ್ಬ ಅಜ್ಜ, ಹಾಗಾದರೆ ಇಷ್ಟು ವರ್ಷ ನಾವು ಸಾಕಿದ್ದು ಏನನ್ನು ಎಂದು ಕೇಳಿದ. ಗುಂಪಿನ ಇಬ್ಬರು ಹೆಂಗಸರು ಬಾಗಿಲಲ್ಲೇ ಜಗಳ ತೆಗೆದು, ಬಾಯಿ ಮುಚ್ಚಿಕೊಂಡಿರಲು ಬಾರದ ತಂಗಿಯನ್ನು ಬೈದರು. ಅಕ್ಕ ಅವರಿಗೆ ತಿರುಗಿ ಹೇಳಿದ್ದೇನು ಎಂಬುದು ತಂಗಿಗೆ ತಿಳಿಯಲಿಲ್ಲ. ಜಗಳ ಬೇಗ ಮುಗಿಯಿತು ಎಂದಷ್ಟೇ ಸ್ಪ್ಯಾನರ್‌ನ ಹೆಂಡತಿ ಹೇಳಿದಳು.

ಮನೆಯಲ್ಲಿ ಅಕ್ಕ ತಂಗಿಯೊಡನೆ ಮಾತು ಬಿಟ್ಟಳು. ಉಪ್ಪು ಬೇಕಾದರೆ, ಉಪ್ಪಿನ ಡಬ್ಬಿ ಈ ಕಡೆ ತಳ್ಳಬೇಕಂತೆ ಎಂದು ಅಮ್ಮನ ಮೂಲಕ ಹೇಳಿಸಿದಳು. ಹೇಳಿ ಹೇಳಿ ಬೇಸತ್ತ ಅಮ್ಮ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟು ಎದ್ದುಹೋದಳು. ಮುಂದಿನ ಸೋಮವಾರ ಅಕ್ಕ ಫ್ಯಾಕ್ಟರಿಗೆ ಸೇರಿದಳು. ಎರಡನೇ ವಾರ, ಅಲ್ಲಿ ಮೀನು ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನು ಕೇಳಿದರೂ ಗೊತ್ತಿಲ್ಲ ಎನ್ನುತ್ತಾರೆ ಎಂದು ನೇರವಾಗಿ ತಂಗಿಗೇ ಹೇಳಿದಳು. ಮಾತು ಅಲ್ಲಿಂದ ಶುರುವಾಯಿತು, ಮೊದಲಿನಷ್ಟಲ್ಲ.

ಹೆಪ್ಪು ಹತ್ತಲು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಜಾಡಿಯಲ್ಲಿ ಎರಡು ಬೆರಳಿನಷ್ಟು ತಿಳಿನೀರು ಕಂಡಿತು, ಮರುದಿನ ಮೂರು ಬೆರಳು. ಹೊಸ ಸರಣಿಯ ಮೊದಲ ಮಾದರಿ ಪಾಸಾಯಿತು. ಎರಡನೆಯದು ಆಗಲಿಲ್ಲ, ಮತ್ತೆ ಒಂದರಿಂದ ಎಣಿಸಬೇಕಾಯಿತು. ಆ ವರ್ಷದ ಚಿಪ್ಪಿನ ಕಾಲ ಹಾಗೇ ಹೋಯಿತು.

ಮುಂದಿನ ಕಾಲದ ಶುರುವಿನಲ್ಲಿ, ಒಂದು ಗುರುವಾರ, ಅಳಿವೆಯ ಬೋರ್ಡನ್ನು ಕಿತ್ತರು. ಇಳಿತ ಬೆಳಿಗ್ಗೆ ಹತ್ತಕ್ಕಿತ್ತು. ಅಕ್ಕನಿಗೆ ಆ ದಿನ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ.